ಪ್ಲೇಟಿಗೆ ಬಿದ್ದ ಹೂಂ

ಮದ್ದೂರಿನಲ್ಲಿ ಮಳವಳ್ಳಿ ರಸ್ತೆ ತಿರುಗುವ ಕಡೆ ದಸ್ತಗೀರ್ ಸಾಬರ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೆ ತಗಡು, ಕೆಳಗೊಂದು ಮರದ ಹಲಗೆ. ಆ ಹಲಗೆಯ ಮೇಲೆ ಒಂದಲ್ಲ ಒಂದು ದಿನ ಬಿಚ್ಚಿಕೊಂಡು ಮಲಗದಿದ್ದ ಯಂತ್ರ ಸುತ್ತಮುತ್ತ ಇರಲಿಲ್ಲ. ಕಬ್ಬಿನ ಗಾಣದ ಹಲ್ಲುಚಕ್ರ, ಅಕ್ಕಿ ಗಿರಣಿಯ ಪಟ್ಟೆ, ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ ಬಸ್ಸುಗಳ ಒಲೆ, ಸಾಹುಕಾರರ ಮನೆಯ ಗ್ರಾಮಫೋನು, ಎಲ್ಲವೂ ಅವರ ಕೈಗೇ ಬರಬೇಕು. ಆದರೂ ಜನ ಅವರನ್ನು ಗುರುತಿಸುತ್ತಿದ್ದುದು ರಿಪೇರಿಯಿಂದ ಅಲ್ಲ. ಯಾವ ದಸ್ತಗೀರು ಎಂದು ಕೇಳಿದರೆ ಬೆಸಗರಹಳ್ಳಿಯಿಂದ ಬೆಳಕವಾಡಿಯವರೆಗೆ ಒಂದೇ ಉತ್ತರ: "ಅದೇ ಕಣ್ಲಾ, ಮಲ್ಲಿಗಮ್ಮಂಗೆ ಊಂ ಕೊಡೋ ಸಾಬ್ರು."

ಹೂಂ ಕೊಡುವುದು ಅಂಥ ದೊಡ್ಡ ಕೆಲಸವೇ ಎಂದು ಪೇಟೆಯವರು ನಗಬಹುದು. ನಗಲಿ. ಮಲ್ಲಿಗಮ್ಮ ಆತಗೂರಿನವಳು, ತಂಬೂರಿ ಹಿಡಿದು ಕಥೆ ಹಾಡುವವಳು. ಅವಳ ತಮ್ಮ ಜವರಯ್ಯ ಪಕ್ಕದಲ್ಲಿ ಕೂತು ದಮ್ಮಡಿ ಬಡಿಯುತ್ತಿದ್ದ. ಕಥೆ ಹಾಡುವವರು ಒಂದು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು ಎಂಬುದು ಈ ಕಡೆಯ ಕಟ್ಟುಪಾಡು. ಅದು ಹೊಗಳಿಕೆಯಲ್ಲ. ನೀನು ಹೇಳಿದ್ದು ನಮಗೆ ತಲುಪಿತು, ಮುಂದಕ್ಕೆ ನಡಿ ಎಂದು ಕೊಡುವ ಅಪ್ಪಣೆ. ಬೇಗ ಅಂದರೆ ಸಾಲಿಗೆ ಅಡ್ಡ ಬರುತ್ತದೆ, ತಡವಾದರೆ ಹಾಡು ಆರಿಹೋಗುತ್ತದೆ. ತಂಗಿ ಅಳುವ ಜಾಗದಲ್ಲಿ ಕೊಡುವ ಹೂಂ ಬೇರೆ, ಧಣಿಗಳು ದರ್ಪ ತೋರಿಸುವ ಜಾಗದಲ್ಲಿ ಕೊಡುವ ಹೂಂ ಬೇರೆ. ಸುಲಭ ಎಂದುಕೊಂಡವರು ಒಂದು ಸಲ ಮುಂದೆ ಕೂತು ನೋಡಲಿ.

ದಸ್ತಗೀರ್ ಸಾಬರಿಗೆ ಈ ಕೆಲಸ ಗಂಟುಬಿದ್ದದ್ದು ಆಕಸ್ಮಿಕ. ಇಪ್ಪತ್ತೆಂಟನೇ ಇಸವಿಯಲ್ಲಿ ಆತಗೂರಿನ ಆಲೆಮನೆಯ ಗಾಣ ಕೆಟ್ಟಿತೆಂದು ಹೋಗಿದ್ದರು. ಬೆಲ್ಲದ ಕೊಪ್ಪರಿಗೆ ಇಳಿಸಿದ ಮೇಲೆ ಮಲ್ಲಿಗಮ್ಮ ಹಾಡಲು ಕೂತಳು. ಹೂಂ ಕೊಡಲು ಕೂತಿದ್ದ ಮುದುಕ ಬಿಸಿಬೆಲ್ಲ ತಿಂದು ತೂಕಡಿಸಿದ. ಹಾಡು ನಿಂತೇಹೋಗುತ್ತಿತ್ತು. ಗಾಣದ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿದ್ದ ದಸ್ತಗೀರರ ಬಾಯಿಂದ ಅದೇ ಗಳಿಗೆಗೆ ಒಂದು ಹೂಂ ಬಂತು. ಮಲ್ಲಿಗಮ್ಮ ಹಾಡು ಮುಂದುವರಿಸಿದಳು. ಮುಗಿದ ಮೇಲೆ ಗಾಣದ ಹತ್ತಿರ ಬಂದು ಬಗ್ಗಿ ನೋಡಿ, "ಯಾರ್ಲಾ ಅದು ಒಳ್ಗಡೆ? ಮುಂದ್ಲಸಲ ಈಚೆ ಕೂತ್ಕೊಂಡು ಕೊಡು," ಎಂದಳು. ಅಂದಿನಿಂದ ಹದಿನೆಂಟು ವರ್ಷ ಅವಳು ಎಲ್ಲಿ ಹಾಡಿದರೂ ಸಾಬರ ಸೈಕಲ್ಲು ಅಲ್ಲಿರುತ್ತಿತ್ತು. ಅವಳಿಗೆ ಇವರು ತಮ್ಮ, ಇವರಿಗೆ ಅವಳು ಅಕ್ಕ.

ಮೂವತ್ತೊಂಬತ್ತರಲ್ಲಿ ಮದರಾಸಿನ ಗ್ರಾಮಫೋನು ಪ್ಲೇಟು ಕಂಪನಿಯವರು ಮಲ್ಲಿಗಮ್ಮನನ್ನು ಬೆಂಗಳೂರಿಗೆ ಕರೆಸಿದರು. ಗೋಡೆಗೆಲ್ಲ ಕಂಬಳಿ ಹೊಡೆದಿದ್ದ ಒಂದು ಕೋಣೆ. ಎರಡು ಗಂಟೆಯ ಕಥೆಯನ್ನು ಮೂರು ನಿಮಿಷಕ್ಕೆ ಕತ್ತರಿಸಿದರು, ದಮ್ಮಡಿ ಬೇಡವೆಂದು ಹಾರ್ಮೋನಿಯಂ ಹಾಕಿದರು, ಹೂಂ ಕೊಡಲು ಜೊತೆಗೆ ಹೋಗಿದ್ದ ಸಾಬರನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿದರು. ಪ್ಲೇಟು ಮಾತ್ರ ಬಿಸಿದೋಸೆಯ ಹಾಗೆ ಖರ್ಚಾಯಿತು. ಮಂಡ್ಯದ ಹೋಟೆಲುಗಳಲ್ಲಿ, ಮಳವಳ್ಳಿ ಸಂತೆಯಲ್ಲಿ, ಮದುವೆ ಮನೆಗಳಲ್ಲಿ ಅದೇ ಹಾಡು. ಮಲ್ಲಿಗಮ್ಮ ಹೆಸರುವಾಸಿಯಾದಳು. ಆದರೆ ಆ ಪ್ಲೇಟು ಎಲ್ಲಿ ಕೇಳಿಸಿದರೂ ಅವಳು ಸೆರಗು ಕೊಡವಿ ಎದ್ದುಹೋಗುತ್ತಿದ್ದಳು.

"ಅದು ನಾನಲ್ಲ ಕಣೋ ತಮ್ಮ," ಎಂದಳು ಒಂದು ದಿನ, ಸಾಬರ ಅಂಗಡಿಯ ಹಲಗೆಯ ತುದಿಗೆ ಕೂತು. "ನನ್ ಸೀರೆ ಉಟ್ಕೊಂಡು ಇನ್ಯಾವಳೋ ಆಡ್ತಾವ್ಳೆ. ನಾಳೆ ನಾನು ಸತ್ತರೆ ಜನ ಅವಳ್ನೇ ಮಲ್ಲಿಗಮ್ಮ ಅನ್ಕೋತಾರೆ."

ಸಾಬರಿಗೆ ಈ ಮಾತು ಎದೆಯಲ್ಲಿ ಕೂತುಬಿಟ್ಟಿತು. ಕಾರಣವೂ ಇತ್ತು. ರಿಪೇರಿಗೆ ಬಂದ ಪ್ರತಿ ಗ್ರಾಮಫೋನನ್ನೂ ಅವರು ಪರೀಕ್ಷಿಸುತ್ತಿದ್ದುದು ಅದೇ ಪ್ಲೇಟು ಹಾಕಿ. ದಿನಕ್ಕೆ ಮೂರು ಸಲ, ನಾಲ್ಕು ಸಲ ಆ ಹಾರ್ಮೋನಿಯಂ ಹಾಡು ಕೇಳಬೇಕು. ಸಾಲು ಮುಗಿದ ಕಡೆ ಅವರ ಬಾಯಿ ತಾನಾಗಿ ತೆರೆಯುತ್ತಿತ್ತು, ಪ್ಲೇಟು ಕಾಯದೆ ಮುಂದಕ್ಕೆ ಓಡುತ್ತಿತ್ತು. ಆಗೆಲ್ಲ ಅವರಿಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ನಲವತ್ತಾರರ ಸಂಕ್ರಾಂತಿ ಕಳೆದ ಮೇಲೆ ಮಲ್ಲಿಗಮ್ಮನ ಗಂಟಲು ಕಟ್ಟಿತು. ಕಷಾಯ, ಜೇನುತುಪ್ಪ, ಶುಂಠಿ ಎಲ್ಲ ಆಯಿತು. ಕಡೆಗೆ ಜವರಯ್ಯನೂ ಸಾಬರೂ ಸೇರಿ ಅವಳನ್ನು ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಗಂಟಲೊಳಗೆ ಗಂಟು ಬೆಳೆದಿದೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆಸಬೇಕು, ತಡ ಮಾಡಿದಷ್ಟೂ ಜೀವಕ್ಕೆ ಅಪಾಯ ಎಂದರು. ಕೊಯ್ದ ಮೇಲೆ ಮಾತು ಅಷ್ಟಿಷ್ಟು ಬರಬಹುದು, ಹಾಡು ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಬಸ್ಸಿಗೆ ಕಾಯುವಾಗ ಮಲ್ಲಿಗಮ್ಮ ಬಾಯಿ ಬಿಟ್ಟಳು. "ಕುಯ್ಯೋದು ಆಮ್ಯಾಕೆ. ಜನದ ಮುಂದೆ ಆಡಿದ್ದು ಅಂಗಂಗೇ ಒಂದು ಪ್ಲೇಟಾಗ್ಬೇಕು. ಅದ ನಾನು ಕಿವಿಯಾರೆ ಕೇಳ್ಬೇಕು. ಅಲ್ಲೀವರ್ಗೂ ಯಾವ ಡಾಕ್ಟ್ರೂ ನನ್ ಗಂಟ್ಲು ಮುಟ್ಟಂಗಿಲ್ಲ."

"ಅಕ್ಕಾ, ಜೀವ ಮೊದ್ಲು ಕಣಕ್ಕಾ," ಎಂದ ಜವರಯ್ಯ.

"ಜೀವ ಎಲ್ಲದೆ ಅಂತ ನಿಂಗೇನ್ಲಾ ಗೊತ್ತು?"

ಸಾಬರು ಆ ಗಳಿಗೆಯಲ್ಲೇ ನಿಶ್ಚಯ ಮಾಡಿಕೊಂಡರು. ಅಕ್ಕ ಹಟ ಬಿಡುವವಳಲ್ಲ. ಆದ್ದರಿಂದ ಪ್ಲೇಟು ಆಗಲೇಬೇಕು, ಅದೂ ಬೇಗ ಆಗಬೇಕು. ಒಂದೊಂದು ವಾರ ತಡವಾದರೂ ಆ ಗಂಟು ಬೆಳೆಯುವುದು ತಮ್ಮ ಲೆಕ್ಕಕ್ಕೇ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು.

ಶಾಲೆಯ ಮೇಷ್ಟರಿಂದ ಕಂಪನಿಗೆ ಐದು ಕಾಗದ ಬರೆಸಿದರು. ಮೂರಕ್ಕೆ ಉತ್ತರವಿಲ್ಲ. ನಾಲ್ಕನೆಯದಕ್ಕೆ, ಯುದ್ಧದಿಂದಾಗಿ ಪ್ಲೇಟು ಮಾಡುವ ಅರಗು ಸಿಗುತ್ತಿಲ್ಲ ಎಂದು ಬಂತು. ಐದನೆಯದಕ್ಕೆ, ಸ್ಟುಡಿಯೋ ಬಿಟ್ಟು ಹೊರಗೆ ಹಾಡಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ಬಂತು. ಸಾಬರು ಹೆಂಡತಿ ಸರ್ವರ್ ಬೇಗಂ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಡಿದು ಮದರಾಸಿನ ರೈಲು ಹತ್ತಿದರು. ಕಂಪನಿಯ ಬಾಗಿಲಲ್ಲಿ ಮೂರು ದಿನ ಕೂತರು. ಮೂರನೆಯ ದಿನ ಅಲ್ಲಿನ ರೆಕಾರ್ಡಿಂಗ್ ಇಂಜಿನಿಯರು ವೆಂಕೋಬರಾಯರು, ಮೈಸೂರು ಕಡೆಯವರಾದ್ದರಿಂದ, ಕನ್ನಡ ಕೇಳಿ ಒಳಗೆ ಕರೆದರು.

"ನೋಡಿ ಸಾಹೇಬರೆ," ಎಂದರು ರಾಯರು, "ಮೂರು ನೂರು ಜನರ ನಡುವೆ ಹಾಡಿದರೆ ಮೈಕು ಹಾಡನ್ನಷ್ಟೇ ಹಿಡಿಯೋದಿಲ್ಲ. ಕೆಮ್ಮು, ಚಪ್ಪಾಳೆ, ಮಗುವಿನ ಅಳು ಎಲ್ಲ ಹಿಡಿಯುತ್ತೆ. ಒಂದು ದೊಡ್ಡ ಸದ್ದಾದರೆ ಕೊರೆಯುವ ಮುಳ್ಳು ಪಕ್ಕದ ಗೀರಿಗೆ ನುಗ್ಗುತ್ತೆ. ಆ ಪ್ಲೇಟು ಹೋದ ಹಾಗೇ."

"ಜನ ಉಸಿರೆತ್ತಲ್ಲ ಸ್ವಾಮಿ," ಎಂದರು ಸಾಬರು. "ನನ್ ಮಾತು. ಸೂಜಿ ಬಿದ್ರೂ ಕೇಳುಸ್ಬೇಕು, ಅಂಗ್ ಕೂರುಸ್ತೀನಿ."

ನೋಡಿ, ಹದಿನೆಂಟು ವರ್ಷ ಹೂಂ ಕೊಟ್ಟು ಬದುಕಿದ ಮನುಷ್ಯ, ಆ ಹಾಡು ಯಾತರ ಮೇಲೆ ನಿಂತಿದೆ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು, ಆವೇಶದಲ್ಲಿ ಮೌನಕ್ಕೆ ಜಾಮೀನು ನಿಂತು ಕಾಗದಕ್ಕೆ ಸಹಿ ಹಾಕಿ ಬಂದರು. ಅವರ ಮೇಲೆ ನನಗೆ ಎಷ್ಟೇ ಗೌರವವಿದ್ದರೂ ಇದೊಂದನ್ನು ಪೆದ್ದುತನ ಎನ್ನದೆ ಬೇರೆ ಏನೂ ಅನ್ನಲಾರೆ.

ಕಂಪನಿ ಒಪ್ಪಿತು. ನಾಲ್ಕು ಪ್ಲೇಟಿನ ಒಂದು ಸೆಟ್ಟು, ಎಂಟು ಮಗ್ಗುಲು. ಕೊರೆಯಲು ಹತ್ತು ಮೇಣದ ತಟ್ಟೆ ಮಾತ್ರ ತರುತ್ತೇವೆ, ಹನ್ನೊಂದನೆಯದು ಇಲ್ಲ. ಜೂನ್ ತಿಂಗಳ ಒಂದು ಭಾನುವಾರ, ಹಗಲು ಹೊತ್ತು, ಒಂದೇ ದಿನ. ಜಾಗ ಮದ್ದೂರಿನ ಅಕ್ಕಿ ಗಿರಣಿಯ ಉಗ್ರಾಣ. ಗೋಡೆಯುದ್ದಕ್ಕೂ ಭತ್ತದ ಮೂಟೆ ಜೋಡಿಸಿದ್ದರಿಂದ ಅಲ್ಲಿ ಸದ್ದು ಪ್ರತಿಧ್ವನಿಸುತ್ತಿರಲಿಲ್ಲ. ಗಿರಣಿಯ ಯಂತ್ರ ಸಾಬರ ಕೈಯಲ್ಲೇ ಇದ್ದುದರಿಂದ ಅವತ್ತು ಅದು ಕೆಟ್ಟಿದೆ ಎಂದು ಹೇಳಿಸುವುದೂ ಕಷ್ಟವಾಗಲಿಲ್ಲ.

ಅದಕ್ಕೆ ಮುಂಚಿನ ಎಂಟು ದಿನ ಸಾಬರು ಸೈಕಲ್ಲಿನಲ್ಲಿ ಊರೂರು ತಿರುಗಿದರು. ಕೈಕೂಸು ತರಬೇಡಿ. ಬಳೆ ತುಂಬ ತೊಟ್ಟವರು ಹಿಂದೆ ಕೂರಿ. ಗಾಡಿಯನ್ನು ಫರ್ಲಾಂಗು ದೂರ ನಿಲ್ಲಿಸಿ, ಎತ್ತಿನ ಕೊರಳ ಗಂಟೆ ಬಿಚ್ಚಿಡಿ. ಚಪ್ಪಾಳೆ ಇಲ್ಲ, ಶಹಬ್ಬಾಸ್ ಇಲ್ಲ, ಎಲೆಅಡಿಕೆ ಜಗಿಯುವಂತಿಲ್ಲ. ಬೆಸಗರಹಳ್ಳಿಯ ಮರಿಸಿದ್ದಯ್ಯ ಎಂಬ ಮುದುಕ ಎದ್ದು ನಿಂತು, "ಸೀನು ಬಂದ್ರೇನ್ಲಾ ಮಾಡಾನ ಸಾಬ?" ಎಂದ.

"ನುಂಗ್ಬುಡು ತಾತ."

"ಊಂ ಯಾರ್ ಕೊಡೋರು?"

"ಯಾರೂ ಇಲ್ಲ. ನಾನೂ ಕೊಡಲ್ಲ," ಎಂದರು ಸಾಬರು. ಮುದುಕ ಟವಲು ಕೊಡವಿ ಕೂತುಕೊಂಡ. ಸಾಬರು ಸೈಕಲ್ಲು ಹತ್ತಿದರು.

ಭಾನುವಾರ ಬೆಳಿಗ್ಗೆ ಉಗ್ರಾಣ ತುಂಬಿತು. ನಡುವೆ ಒಂದು ಚಾಪೆ, ಅದರ ಮೇಲೆ ಮಲ್ಲಿಗಮ್ಮ, ತಂಬೂರಿ, ದಮ್ಮಡಿ ಹಿಡಿದ ಜವರಯ್ಯ. ಅವರ ಮುಂದೆ ಕೋಲಿನ ತುದಿಯಲ್ಲಿ ಮೈಕು. ಒಂದು ಮೂಲೆಯಲ್ಲಿ ಪರದೆ ಕಟ್ಟಿ ರಾಯರ ಯಂತ್ರ. ಅದನ್ನು ತಿರುಗಿಸುತ್ತಿದ್ದುದು ಕರೆಂಟಲ್ಲ. ಎತ್ತರದ ಮುಕ್ಕಾಲಿಯಿಂದ ಒಂದು ಸೀಸದ ಗುಂಡು ಹಗ್ಗದಲ್ಲಿ ಮೆಲ್ಲಗೆ ಇಳಿಯುತ್ತಿತ್ತು, ಅದರ ಭಾರಕ್ಕೆ ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತಿತ್ತು. ಕರೆಂಟು ಏರಬಹುದು, ಇಳಿಯಬಹುದು, ಭಾರ ಬೀಳುವುದು ಬದಲಾಗದು ಎಂದರು ರಾಯರು. ಸಾಬರಿಗೆ ಆ ಯಂತ್ರ ಬಹಳ ಹಿಡಿಸಿತು. ಮೇಣದ ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಹದಕ್ಕೆ ಬಂದಾಗ ತೆಗೆದುಕೊಡುವುದು, ಗುಂಡನ್ನು ಮತ್ತೆ ಮೇಲೆತ್ತುವುದು ಅವರ ಕೆಲಸವಾಯಿತು. ಒಂದು ತಟ್ಟೆಗೆ ಮೂರೂವರೆ ನಿಮಿಷ. ತಟ್ಟೆ ಬದಲಿಸುವ ಹೊತ್ತು ಮಲ್ಲಿಗಮ್ಮ ನಿಲ್ಲಿಸಿ ನೀರು ಕುಡಿಯಬೇಕು.

ಕೊರೆದ ಮೇಣವನ್ನು ಅಲ್ಲೇ ಹಾಕಿ ಕೇಳುವಂತಿಲ್ಲ ಎಂದೂ ರಾಯರು ಹೇಳಿದರು. ಒಂದು ಸಲ ಮುಳ್ಳು ಇಟ್ಟರೆ ಗೀರು ಅಳಿಸಿಹೋಗುತ್ತದೆ. ಅದು ದೂರದ ಕಾರ್ಖಾನೆಗೆ ಹೋಗಿ, ಅಚ್ಚಾಗಿ, ಪ್ಲೇಟಾಗಿ ವಾಪಸು ಬಂದಾಗಲೇ ಏನು ಬಿದ್ದಿದೆ ಎಂದು ತಿಳಿಯುವುದು.

ಹತ್ತೂಕಾಲರ ರೈಲು ಹೋಯಿತು. ಇನ್ನೊಂದು ರೈಲು ಬರಲು ಎರಡೂವರೆ ಗಂಟೆ ಇತ್ತು. ರಾಯರು ಪರದೆಯ ಆಚೆಯಿಂದ ಕೈ ಬೀಸಿದರು. ಮಲ್ಲಿಗಮ್ಮ ತಂಬೂರಿ ಮೀಟಿದಳು. ತುಂಬಿದ ಶಿಂಷಾ ಹೊಳೆ ದಾಟಿ ಅಣ್ಣನಿಗೆ ಬುತ್ತಿ ಒಯ್ಯುವ ತಂಗಿಯ ಕಥೆ, ಎಂಟು ಮಗ್ಗುಲಿಗೆ ಸರಿಹೊಂದಲೆಂದು ಅವಳೇ ಆರಿಸಿಕೊಂಡ ಚಿಕ್ಕ ಕಥೆ.

*ಬುತ್ತೀಯ ತಲೆಮ್ಯಾಲೆ ಇಟ್ಟವಳೆ ತಂಗಿ*
*ಹೊಳೆಯನ್ನೆ ಕೇಳವಳೆ ದಾರೀಯ*

ಸಾಲು ಮುಗಿಯಿತು. ಅವಳು ಉಸಿರು ಎಳೆದುಕೊಂಡಳು, ಕಣ್ಣು ಮುಚ್ಚಿಕೊಂಡೇ ಒಂದು ಗಳಿಗೆ ಕಾದಳು. ಮೂರು ನೂರು ಜನ ತುಟಿ ಕಚ್ಚಿ ಕೂತಿದ್ದರು. ಮರಿಸಿದ್ದಯ್ಯ ಟವಲನ್ನು ಬಾಯಿಗೆ ತುರುಕಿಕೊಂಡಿದ್ದ. ಯಾರೂ ಕೆಮ್ಮಲಿಲ್ಲ, ಕದಲಲಿಲ್ಲ. ಅವಳು ಎರಡನೇ ಸಾಲು ಎತ್ತಿದಳು, ದನಿ ಅರ್ಧಕ್ಕೆ ಇಳಿಯಿತು. ಮೂರನೇ ಸಾಲಿಗೆ ಒಡೆಯಿತು. ನಾಲ್ಕನೆಯದನ್ನು ಮುಗಿಸಿ ನಿಲ್ಲಿಸಿದಳು. ಒಂದು ತಟ್ಟೆ ಹೋಯಿತು.

ಬಿಸಿನೀರು ಕುಡಿದು ಮತ್ತೆ ಶುರು ಮಾಡಿದಳು. ಈ ಸಲ ಆರನೇ ಸಾಲಿನವರೆಗೆ ಎಳೆದುಕೊಂಡು ಹೋದಳು. ಅದು ಮುಗಿದ ಕಡೆ ಗೊಗ್ಗರು ಸದ್ದು ಬಂದು ಗಂಟಲು ಕಟ್ಟಿತು. ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿ ನೆಲ ನೋಡುತ್ತ ಕೂತಳು. ಎರಡನೇ ತಟ್ಟೆಯೂ ಹೋಯಿತು.

ರಾಯರು ಕಿವಿಗೆ ಹಾಕಿದ್ದನ್ನು ತೆಗೆದರು. "ಸಾಹೇಬರೆ, ನೀವು ಮಾತು ಉಳಿಸಿಕೊಂಡಿರಿ. ಇಂಥ ಜನ ನಾನು ಕಂಡಿಲ್ಲ. ಆದರೆ ಆಕೆಯ ಗಂಟಲೇ ಮುಗಿದಿದೆ. ಇನ್ನೆಂಟು ಹಾಳು ಮಾಡೋದು ಬೇಡ."

"ಗಂಟ್ಲೇ ಕಣಣ್ಣೋ," ಎಂದ ಜವರಯ್ಯನೂ, ಪರದೆಯ ಹತ್ತಿರ ಬಂದು, ಕಣ್ಣೊರೆಸಿಕೊಳ್ಳುತ್ತ. "ಬುಡು, ಆಸ್ಪತ್ರೆಗೆ ಕರ್ಕೊಂಡೋಗಾನ."

ಸಾಬರು ಚಾಪೆಯ ಕಡೆ ನೋಡಿದರು. ಅಕ್ಕ ಎರಡು ಸಲವೂ ನಿಂತದ್ದು ಎಲ್ಲಿ? ಸಾಲಿನ ನಡುವೆ ಅಲ್ಲ. ಸಾಲು ಮುಗಿದ ಮೇಲೆ, ಹೂಂ ಬರಬೇಕಾದ ಜಾಗದಲ್ಲಿ ಕಾದು, ಬಾರದಿದ್ದಾಗ, ಮುಂದಿನ ಸಾಲಿಗೆ ಉಸಿರು ಸಿಗದೆ. ಗಂಟಲು ಕೆಟ್ಟಿದ್ದು ನಿಜ. ಆದರೆ ಇವತ್ತು ಅದನ್ನು ಹಿಸುಕಿದ್ದು ಯಾರು ಎಂದು ಅವರಿಗೆ ಚೆನ್ನಾಗಿ ತಿಳಿಯಿತು. ಎಂಟು ದಿನ ಸೈಕಲ್ಲು ತುಳಿದು ಊರೂರಿನ ಬಾಯಿ ಹೊಲಿದು ಬಂದವರು ಅವರೇ.

"ಸ್ವಾಮಿ, ಊಂ ಬೇಕು," ಎಂದರು. "ನಾನು ಕೊಡ್ತೀನಿ."

"ಏನು?"

ಸಾಬರು ಎರಡೇ ಮಾತಿನಲ್ಲಿ ವಿವರಿಸಿದರು. ರಾಯರು ತಲೆಯಾಡಿಸಿದರು. "ಆಗೋದಿಲ್ಲ. ಸಹಿ ಹಾಕಿದ ಕಾಗದ ನನ್ನ ಚೀಲದಲ್ಲಿದೆ. ನಿಮ್ಮ ಗಂಟಲೋ, ಉಗ್ರಾಣವನ್ನೇ ನಡುಗಿಸೋ ಗಂಟಲು. ಮುಳ್ಳು ಹಾರುತ್ತೆ."

"ಸದ್ದು ಎಲ್ಲೀಗಂಟ ಓದ್ರೆ ಮುಳ್ಳು ಆರ್ತದೆ, ಅದ ತೋರ್ಸಿ."

ಇದು ಮೆಕ್ಯಾನಿಕ್ಕಿನ ಪ್ರಶ್ನೆ. ರಾಯರಿಗೆ ಉತ್ತರ ಹೇಳದೆ ವಿಧಿಯಿರಲಿಲ್ಲ. ಮೀಟರಿನ ಗಾಜಿನ ಮೇಲಿದ್ದ ಕೆಂಪು ಗೀಟು ತೋರಿಸಿದರು. ಅದನ್ನು ದಾಟಿದರೆ ತಟ್ಟೆ ಹೋಯಿತು.

ಸಾಬರು ಮೈಕಿನ ಮುಂದೆ ನಿಂತು ಹೂಂ ಅಂದರು. ಮೀಟರಿನ ಕಡ್ಡಿ ಕೆಂಪು ಗೀಟು ಹಾರಿ ಆಚೆ ಬಡಿಯಿತು. ನಾಲ್ಕು ಹೆಜ್ಜೆ ಹಿಂದೆ ಹೋಗಿ ಅಂದರು. ಮತ್ತೆ ನಾಲ್ಕು ಹೆಜ್ಜೆ. ಜನ ಕಾಲು ಮಡಚಿ ದಾರಿ ಬಿಟ್ಟರು. ಹದಿನಾರು ಹೆಜ್ಜೆಗೆ ಕಡ್ಡಿ ಗೀಟಿನ ಹತ್ತಿರ ತಡವರಿಸಿತು. ಹತ್ತೊಂಬತ್ತನೆಯದಕ್ಕೆ, ಬಾಯನ್ನು ಅರ್ಧ ಭತ್ತದ ಮೂಟೆಗಳ ಕಡೆ ತಿರುಗಿಸಿದಾಗ, ಗೀಟಿಗೆ ಇತ್ತಲೇ ನಿಂತಿತು. ಸಾಬರು ಅಲ್ಲೇ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದರು.

"ಆಕೆಗೆ ಕೇಳಿಸಬೇಕಲ್ಲ ಅಷ್ಟು ದೂರದಿಂದ?" ಎಂದರು ರಾಯರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಚಾಪೆಯಿಂದ ಮಲ್ಲಿಗಮ್ಮನೇ ಉತ್ತರ ಕೊಟ್ಟಳು, ತಂಬೂರಿ ಎತ್ತಿಕೊಳ್ಳುತ್ತ. "ಕೇಳುಸ್ತದೆ ಕಣಪ್ಪ. ಗಾಣದ ಕೆಳುಗ್ಲಿಂದ ಕೇಳುಸ್ಲಿಲ್ವಾ?"

ಸಾಬರು ಕೈ ಮುಗಿದರು. "ಈ ಒಂದು ತಟ್ಟೆ ನನ್ ಮೇಲೆ ಓಗ್ಲಿ ಸ್ವಾಮಿ. ಕೆಟ್ರೆ ನೀವು ಗಂಟು ಕಟ್ಟಿ, ನಾನೇ ಎತ್ತಿ ರೈಲಿಗಾಕ್ತೀನಿ."

ಒಂದು ತೊಡಕು ಉಳಿದಿತ್ತು. ಸಾಬರು ಹತ್ತೊಂಬತ್ತು ಹೆಜ್ಜೆ ಆಚೆ ಕೂತರೆ ಮೇಣದ ಹದ ನೋಡುವವರಾರು, ಗುಂಡು ಎತ್ತುವವರಾರು? ಹೆಂಗಸರ ಸಾಲಿನಿಂದ ಸರ್ವರ್ ಬೇಗಂ ಎದ್ದು ಬಂದರು. ಬಳೆಗಳನ್ನು ಮುಂಚೆಯೇ ಮನೆಯಲ್ಲಿ ಬಿಚ್ಚಿಟ್ಟು ಬಂದಿದ್ದರು. ಪೆಟ್ಟಿಗೆಯಲ್ಲಿದ್ದ ತಟ್ಟೆಯ ಅಂಚಿಗೆ ಮಣಿಕಟ್ಟು ತಾಕಿಸಿ, "ಇನ್ನೊಂದು ಚೂರು ಬೆಚ್ಚಗಾಗ್ಬೇಕು ಅಲ್ವೇನ್ರೀ?" ಎಂದರು. ರಾಯರು ಉಷ್ಣಮಾಪಕ ನೋಡಿದರು. ಆಕೆ ಹೇಳಿದ್ದು ಸರಿಯಾಗಿತ್ತು. ಪೆಟ್ಟಿಗೆಯನ್ನು ಆಕೆಗೇ ಒಪ್ಪಿಸಿದರು.

ಮೂರನೆಯ ತಟ್ಟೆ ತಿರುಗಿತು. ಬುತ್ತಿಯ ಸಾಲು ಮುಗಿಯಿತು. ಉಗ್ರಾಣದ ಆ ಕೊನೆಯಿಂದ, ತಗ್ಗಿನಲ್ಲಿ, ಹದಿನೆಂಟು ವರ್ಷದ ಹೂಂ ಬಂತು. ಮಲ್ಲಿಗಮ್ಮನ ಹೆಗಲು ಇಳಿದದ್ದನ್ನು ಎದುರಿಗಿದ್ದವರೆಲ್ಲ ಕಂಡರು. ಅವಳು ಎರಡನೇ ಸಾಲು ಎತ್ತಿದಳು. ದನಿ ಹಳೆಯದಲ್ಲ, ನಡುನಡುವೆ ಮರಳು ಉಜ್ಜಿದ ಹಾಗೆ ಬರುತ್ತಿತ್ತು. ಆದರೆ ಅದು ನಿಲ್ಲಲಿಲ್ಲ. ಹೊಳೆ ತಂಗಿಗೆ ದಾರಿ ಕೊಡಲ್ಲ ಎಂದಾಗ ಆ ಮರಳೇ ಹಾಡಿಗೆ ಮೆರುಗಾಯಿತು. ಮೂರೂವರೆ ನಿಮಿಷಕ್ಕೆ ರಾಯರು ಕೈ ಎತ್ತಿದರು. ಮೀಟರು ಒಂದು ಸಲವೂ ಗೀಟು ದಾಟಿರಲಿಲ್ಲ.

ನಾಲ್ಕನೆಯ ತಟ್ಟೆ ಅರ್ಧಕ್ಕೆ ಬಂದಾಗ ಆಗಬಾರದೆಂದುಕೊಂಡದ್ದು ಆಯಿತು. ತಂಗಿಯ ಕಾಲು ನೀರಿನಲ್ಲಿ ಜಾರುವ ಜಾಗ. ಸಾಬರ ಹೂಂ ಜೊತೆಗೆ ಇನ್ನೊಂದು ಹೂಂ ಬಂತು. ಮರಿಸಿದ್ದಯ್ಯ ಬಾಯಿಂದ ಟವಲು ತೆಗೆದಿದ್ದ. ಮುಂದಿನ ಸಾಲಿಗೆ ಹತ್ತು ಜನ. ಅದರ ಮುಂದಿನದಕ್ಕೆ ಇಡೀ ಉಗ್ರಾಣ, ಒಂದೇ ಗಳಿಗೆಗೆ, ಒಂದೇ ಉಸಿರಿಗೆ. ನಿಲ್ಲಿಸಿ ಎಂದು ಕೂಗಿದರೆ ಅದೂ ಮೇಣಕ್ಕೆ ಬೀಳುತ್ತದೆ. ರಾಯರ ಕೈ ಸದ್ದಿನ ತಿರುಪಿಗೆ ಹೋಯಿತು. ಮಲ್ಲಿಗಮ್ಮ ಉಸಿರು ಎಳೆಯುವುದನ್ನು ಕಿವಿಯಲ್ಲಿ ಹಿಡಿದು, ಹೂಂ ಬರುವ ಕೂದಲೆಳೆಯ ಮುಂಚೆ ತಿರುಪು ಇಳಿಸಿದರು, ಹೂಂ ಮುಗಿದೊಡನೆ ಏರಿಸಿದರು. ಇಳಿಸು, ಏರಿಸು. ಕಡ್ಡಿ ಗೀಟನ್ನು ಮುಟ್ಟಿ ಮುಟ್ಟಿ ಹಿಂದೆ ಬಂತು. ಒಂದು ತಟ್ಟೆ ಮುಗಿಯುವ ಹೊತ್ತಿಗೆ ರಾಯರಿಗೂ ಹೂಂ ಯಾವಾಗ ಬರಬೇಕು ಎಂದು ತಿಳಿದುಹೋಗಿತ್ತು.

"ಅವರನ್ನು ಸುಮ್ಮನಿರಿಸಲಾ?" ಎಂದು ಸರ್ವರ್ ಬೇಗಂ ಪಿಸುಗುಟ್ಟಿದರು, ಗುಂಡು ಮೇಲೆತ್ತುತ್ತ.

"ಬೇಡಮ್ಮ," ಎಂದರು ರಾಯರು, ಹಣೆಯ ಬೆವರು ಒರೆಸಿಕೊಂಡು. "ಮುಂದಿನ ತಟ್ಟೆ ಕೊಡಿ."

ಐದು, ಆರು, ಏಳು, ಎಂಟು, ಒಂಬತ್ತು. ಹತ್ತನೆಯದರಲ್ಲಿ ತಂಗಿ ದಡ ಸೇರಿದಳು, ಬುತ್ತಿ ನೆನೆದಿರಲಿಲ್ಲ. ಕೊನೆಯ ಸಾಲನ್ನು ಮಲ್ಲಿಗಮ್ಮ ಹಾಡಲಿಲ್ಲ, ಹೆಚ್ಚುಕಡಿಮೆ ಮಾತಾಡಿ ಮುಗಿಸಿದಳು, ಅಷ್ಟೇ ಉಳಿದಿತ್ತು. ಗುಂಡು ನೆಲ ಮುಟ್ಟಿತು. ಎಂಟು ಮಗ್ಗುಲು ಲೆಕ್ಕಕ್ಕೆ ಸರಿಯಾಯಿತು. ಆಮೇಲೆ ಜನ ಚಪ್ಪಾಳೆ ತಟ್ಟಿದ್ದು ಗಿರಣಿಯ ತಗಡು ಅದುರುವಷ್ಟು. ಅದು ಯಾವ ಮೇಣಕ್ಕೂ ಬೀಳಲಿಲ್ಲ, ಬೀಳಬೇಕಾಗಿಯೂ ಇರಲಿಲ್ಲ.

ಕಷ್ಟ ಅಲ್ಲಿಗೆ ಮುಗಿಯಿತು ಎಂದುಕೊಂಡವರು ಮಲ್ಲಿಗಮ್ಮನನ್ನು ಅರಿಯದವರು. ಮಾರನೇ ದಿನವೇ ಆಸ್ಪತ್ರೆಗೆ ಹೊರಡೋಣ ಎಂದು ಸಾಬರು ಹೋದರೆ ಅವಳು ಕದಲಲಿಲ್ಲ.

"ಆಡಾಯ್ತಲ್ಲಕ್ಕ."

"ಆಡಿದ್ದು ಗೊತ್ತು. ಬಿದ್ದದ್ದು ಗೊತ್ತಿಲ್ಲ. ಆ ರಾಯ್ರೇ ಏಳ್ಲಿಲ್ವಾ, ಪ್ಲೇಟು ಬರೋಗಂಟ ಗೊತ್ತಾಗಲ್ಲ ಅಂತ? ಕೆಟ್ಟೋಗಿದ್ರೆ ಇನ್ನೊಂದ್ಸಲ ಆಡ್ಬೇಕು. ಕುಯ್ಸ್ಕೊಂಡ್ ಬಂದು ಏನ್ ಆಡ್ಲಿ?"

ಎರಡು ತಿಂಗಳಲ್ಲಿ ಬರುತ್ತದೆ ಎಂದಿದ್ದರು. ಆಗಸ್ಟಿನಲ್ಲಿ ಉತ್ತರದ ಕಡೆ ಗಲಭೆ ಎದ್ದಿತು, ಅಲ್ಲಿದ್ದ ಕಾರ್ಖಾನೆಗೆ ಬೀಗ ಬಿತ್ತು. ಬೀಗ ತೆಗೆದ ಮೇಲೆ ಬಂದ ಮಾದರಿ ಪ್ಲೇಟಿನಲ್ಲಿ ಕಂಪನಿಯ ದೊಡ್ಡವರು ಹೂಂ ಕೇಳಿ ಇದು ಗದ್ದಲ, ಮಾರಾಟಕ್ಕಾಗದು ಎಂದರಂತೆ. ವೆಂಕೋಬರಾಯರು ಅವರೊಡನೆ ಜಗಳವಾಡಿ, ಇದನ್ನು ಬಿಡುಗಡೆ ಮಾಡದಿದ್ದರೆ ನನ್ನ ರಾಜೀನಾಮೆ ತೆಗೆದುಕೊಳ್ಳಿ ಎಂದು ಬರೆದುಕೊಟ್ಟರಂತೆ. ಇದೆಲ್ಲ ಸಾಬರಿಗೆ ಕಾಗದದಲ್ಲಿ ತಿಳಿಯುತ್ತಿತ್ತು. ವಾರಕ್ಕೊಂದು ಸಲ ಅವರು ಆತಗೂರಿಗೆ ಹೋಗಿ ಅಕ್ಕನ ಕಾಲು ಹಿಡಿದರು, ಬೈದರು, ಒಂದು ಸಲ ಅತ್ತೂ ಬಿಟ್ಟರು. ಅವಳ ಮಾತು ಪಿಸುದನಿಯಾಗುತ್ತ ಬಂತು. ಗಂಜಿ ಮಾತ್ರ ಇಳಿಯುತ್ತಿತ್ತು. ಅಷ್ಟಾದರೂ ತಲೆ ಅಡ್ಡಡ್ಡ ಆಡುತ್ತಿತ್ತು. ಸಾಬರು ಮತ್ತೊಂದು ಕಾಗದ ಬರೆಸಿದರು, ಮತ್ತೊಂದು, ಮತ್ತೊಂದು. ಅಂಚೆಯವನಿಗೆ ಅವರ ಅಂಗಡಿ ದಾಟುವುದೇ ಸಂಕಟವಾಯಿತು.

ನಲವತ್ತೇಳರ ಜನವರಿಯಲ್ಲಿ ಮದ್ದೂರು ಸ್ಟೇಷನ್ನಿಗೆ ಮರದ ಪೆಟ್ಟಿಗೆ ಬಂತು. ಸಾಬರು ಅದನ್ನು ಬಿಚ್ಚಲಿಲ್ಲ. ಒಂದು ಗಾಡಿಗೆ ಹುಲ್ಲು ಹಾಸಿ, ಪೆಟ್ಟಿಗೆಯನ್ನೂ ತಮ್ಮಲ್ಲಿದ್ದ ಅತ್ಯುತ್ತಮ ಗ್ರಾಮಫೋನನ್ನೂ ಇಟ್ಟುಕೊಂಡು, ಹೆಂಡತಿಯನ್ನು ಕೂರಿಸಿಕೊಂಡು, ಬೆಳಗಾಗುತ್ತಲೇ ಆತಗೂರಿಗೆ ಹೊರಟರು.

ಜಗಲಿಯ ಮೇಲೆ ಮಲ್ಲಿಗಮ್ಮ ಗೋಡೆಗೊರಗಿ ಕೂತಿದ್ದಳು. ಬೀದಿಯವರೆಲ್ಲ ಬಂದು ನೆರೆದರು. ಸಾಬರು ಹೊಸ ಮುಳ್ಳು ಹಾಕಿ ಮೊದಲ ಮಗ್ಗುಲು ಇಟ್ಟರು. ಸ್ವಲ್ಪ ಗರಗರ, ಆಮೇಲೆ ತಂಬೂರಿ, ಆಮೇಲೆ ಬುತ್ತಿಯ ಸಾಲು. ಸಾಲು ಮುಗಿಯುತ್ತಲೇ ಜಗಲಿಯ ಮುಂದಿದ್ದವರು ಅಭ್ಯಾಸಬಲದಿಂದ ಹೂಂ ಅಂದರು. ಮಲ್ಲಿಗಮ್ಮ ಕೈ ಎತ್ತಿ ತಡೆದಳು.

"ಸುಮ್ಕಿರ್ರಿ," ಎಂದಳು. ದನಿ ಹತ್ತಿರದವರಿಗಷ್ಟೇ ಕೇಳಿಸಿತು. "ಅದ್ರೊಳ್ಗೇ ಅದೆ."

ಎಂಟೂ ಮಗ್ಗುಲು ಆದವು. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಗಂಟಲು ಒಡೆದ ಕಡೆ ಮುಖ ಕಿವಿಚಲಿಲ್ಲ, ಇಡೀ ಉಗ್ರಾಣ ಹೂಂಗುಟ್ಟಿದ ಕಡೆ ನಗಲಿಲ್ಲ. ತಂಗಿ ದಡ ಸೇರಿದಳು, ಕೊನೆಯ ಸಾಲಿನ ಮಾತು ಮುಗಿಯಿತು, ಮುಳ್ಳು ಖಾಲಿ ಗೀರಿನಲ್ಲಿ ಸುತ್ತತೊಡಗಿತು. ಸಾಬರು ಅದನ್ನು ಎತ್ತಿದರು.

ಮಲ್ಲಿಗಮ್ಮ ಗೋಡೆ ಹಿಡಿದು ಎದ್ದಳು. ಒಳಗೆ ಹೋದಳು. ಅವಳು ಈಚೆ ಬಂದಾಗ ಕೈಯಲ್ಲಿ ಎರಡು ಸೀರೆ, ಒಂದು ಲೋಟ, ಒಂದು ಕಂಬಳಿಯ ಗಂಟಿತ್ತು. ಅದನ್ನು ಸಾಬರ ಗಾಡಿಯಲ್ಲಿ ಹುಲ್ಲಿನ ಮೇಲಿಟ್ಟಳು.

"ಬೆಂಗ್ಳೂರು ರೈಲು ಎಷ್ಟೊತ್ಗೆ?" ಎಂದು ಕೇಳಿದಳು.